ಸುಡುಬಿಸಿಲು ಇದ್ದರೆ ಸಂಜೆ ಮಳೆ ಗ್ಯಾರಂಟಿಯೇ?

ಏಪ್ರಿಲ್–ಮೇ ಬಂತೆಂದರೆ 'ಇವತ್ತು ಸುಡುಬಿಸಿಲು, ಸಂಜೆ ಮಳೆ ಗ್ಯಾರಂಟಿ' ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ ಕಡೆ ಇದನ್ನೇ ನಂಬಿ ಹೊಗೆಸೊಪ್ಪಿನ ಸಸಿ ನೆಟ್ಟರೆ, ಮಳೆ ಬಾರದೆ ಸಸಿ ಒಣಗಬಹುದು. ಹಾಗಾದರೆ ನಿಜವೇನು? ನೋಡೋಣ.

ತಾಪಮಾನ: ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರವಾಗಿ ಮೇಲೇರುತ್ತದೆ.

ಒತ್ತಡ: ಆ ಜಾಗದಲ್ಲಿ ಒತ್ತಡ ತುಸು ಇಳಿದು, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಎತ್ತರಕ್ಕೆ ಹೋದಂತೆ ಒತ್ತಡ ಕಡಿಮೆ. ಮೇಲೇರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ.

ತೇವಾಂಶ: 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಮಿಕ್ಕದ್ದು ಹನಿಗಟ್ಟಿ ಮೋಡವಾಗುತ್ತದೆ. ಗಾಳಿಯಲ್ಲಿ ತೇವಾಂಶವೇ ಇಲ್ಲದಿದ್ದರೆ ಎಷ್ಟು ಬಿಸಿಲಿದ್ದರೂ ಮಳೆಯಿಲ್ಲ.

ಪಕ್ಕದಲ್ಲೇ ಕಬಿನಿ ಹಿನ್ನೀರು ಇದೆಯಲ್ಲ ಎನ್ನಬಹುದು. ಆದರೆ ಈ ಮಳೆಗೆ ಬೇಕಾದ ತೇವಾಂಶ ಬಹುಪಾಲು ಬರುವುದು ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಯ ಕಡೆಯಿಂದ ಬೀಸುವ ಗಾಳಿಯಲ್ಲಿ.

ಹಾಗಾಗಿ ಆ ಸಂದೇಶ ಅರ್ಧ ನಿಜ. ಬರೀ ಬಿಸಿಲಿಗಿಂತ, ಮೈ ಬೆವರು ಆರದಂಥ ಸೆಕೆ ಮಳೆಯ ಉತ್ತಮ ಸುಳಿವು. ಅದೂ ಖಾತ್ರಿಯಲ್ಲ.

ಇಂಥ ಸಂಜೆ ಮಳೆಯ ಜೊತೆ ಸಿಡಿಲೂ ಬರುತ್ತದೆ. ಗುಡುಗು ಕೇಳಿದ ಕೂಡಲೇ ಹೊಲದಿಂದ ಮನೆಯೊಳಗೆ ಹೋಗಿ, ಮರದಡಿ ನಿಲ್ಲಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ 'ದಾಮಿನಿ' ಆ್ಯಪ್ ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.