ದಾಸೋಹವು ಮಕ್ಕಳ ತಟ್ಟೆಯಿಂದ ಮೊದಲಾಗಲಿ

ಕೂಲಿಗೆ ಹೊರಡುವ ತಾಯಿಯು ನಸುಕಿನಲ್ಲಿಯೇ ಜೋಳದ ರೊಟ್ಟಿ ಬಡಿದಿಟ್ಟು ಹೋಗುತ್ತಾಳೆ. ಮಗುವಾದರೋ ಅದನ್ನು ಮುಟ್ಟದೆ, ಅವಳಿತ್ತ ಐದು ರೂಪಾಯಿಗೆ ಅಂಗಡಿಯ ಕುರುಕಲು ಪೊಟ್ಟಣವನ್ನು ಕೊಂಡು ಶಾಲೆಗೆ ನಡೆಯುತ್ತದೆ. ತಾಯಿಯನ್ನು ದೂರುವುದು ಸುಲಭ. ಆದರೆ ಮಗು ಬೇಡಿದ ಅಂಗಿ, ಆಟಿಕೆಗಳಿಗೆಲ್ಲ ಇಲ್ಲವೆನ್ನಬೇಕಾದ ಬಡವರಿಗೆ, ಹೂಂ ಎನ್ನಲು ಉಳಿದಿರುವುದು ಆ ಪೊಟ್ಟಣವೊಂದೇ. ಅದರಲ್ಲಿ ಉಪ್ಪು, ಎಣ್ಣೆಗಳು ಅಧಿಕ; ನಾಲಗೆ ತಣಿಯುತ್ತದೆ, ಮೈಗೆ ಕಸುವು ದೊರೆಯದು.

ನಾವು ಮಠದಲ್ಲಿ ಓದುತ್ತಿದ್ದಾಗ ರುಚಿಯನ್ನು ಕಲಿತದ್ದು ಪಂಕ್ತಿಯಲ್ಲಿ. ಮನೆಯಲ್ಲಿ ಸೊಪ್ಪನ್ನು ಒಲ್ಲೆನೆಂದವನೂ ಪಕ್ಕದವನು ಉಣ್ಣುವುದನ್ನು ಕಂಡು ಉಂಡನು. ಉಳ್ಳವರ ಮಗನಿಗೂ ಇಲ್ಲದವರ ಮಗನಿಗೂ ಒಂದೇ ನುಚ್ಚು, ಒಂದೇ ಸಾರು. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊದಲಾದ ಬಿಸಿಯೂಟಕ್ಕೆ ಸರಕಾರವು ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟುದು ಸಾರ್ಥಕವೇ ಸರಿ. 2013ರಲ್ಲಿ ಹಾಲೂ ಸೇರಿತು.

ಆದರೆ ಶಾಲೆ ನೀಡುವುದು ಒಂದು ಹೊತ್ತಿನ ಊಟ. ಉಳ್ಳವರ ಮಕ್ಕಳು ರೊಟ್ಟಿಯನ್ನು ಹೀಗಳೆದರೆ, ಬಡವರ ಮಕ್ಕಳಿಗೆ ಅದು ಬಡತನದ ಗುರುತಾಗಿ ಕಾಣುತ್ತದೆ. ಆದ್ದರಿಂದ ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಗೆಲಸಕ್ಕೆ ಬರುವಾಕೆಯೊಡನೆ ಮಗು ಬಂದರೆ ತಂಗಳನ್ನಾಗಲಿ, ಪೊಟ್ಟಣವನ್ನಾಗಲಿ ಕೈಗಿಡದಿರಿ. ನಿಮ್ಮ ಮಕ್ಕಳ ಪಕ್ಕದಲ್ಲಿಯೇ ಕುಳ್ಳಿರಿಸಿ ಬಿಸಿ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿಗಳನ್ನು ಬಡಿಸಿರಿ. ಹಸಿವೆಯೊಡನೆ ಕೀಳರಿಮೆಯೂ ಇಂಗುವುದು. ನಿಮ್ಮ ಮಕ್ಕಳೂ ರೊಟ್ಟಿಯನ್ನು ಗೌರವಿಸಲು ಕಲಿಯುವರು.