ಬೌದ್ಧ ಅಧ್ಯಯನದಲ್ಲಿ ಪಿಎಚ್.ಡಿ.: ಶಾಸನಾಸಕ್ತರಿಗೆ ಏನೇನು ಬೇಕು?

ಸನ್ನತಿ, ಮಸ್ಕಿ ಅಂತ ಸುತ್ತುವ ನಮ್ಮಂಥ ಹವ್ಯಾಸಿಗಳಲ್ಲಿ ಆಗಾಗ ಏಳುವ ಪ್ರಶ್ನೆ ಇದು: ಬಿ.ಇ. ಓದಿ, ನಲವತ್ತು ದಾಟಿದ ಮೇಲೆ ಬೌದ್ಧ ಅಧ್ಯಯನದಲ್ಲಿ ಪಿಎಚ್.ಡಿ. ಮಾಡೋಕಾಗುತ್ತಾ? (ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದ ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರೇ, ನೆನಪಿರಲಿ.)

ನಿಯಮದ ಮಟ್ಟಿಗೆ ಬಾಗಿಲು ಮುಚ್ಚಿಲ್ಲ. ಯುಜಿಸಿಯ 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55, ಇಲ್ಲವೇ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಇರಬೇಕು. ಪ್ರವೇಶಕ್ಕೆ ನೆಟ್ ಅಥವಾ ವಿಶ್ವವಿದ್ಯಾಲಯದ ಪರೀಕ್ಷೆ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅವಧಿ ಮೂರರಿಂದ ಆರು ವರ್ಷ. ಕೆಲಸದಲ್ಲಿರುವವರು ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು ಅರೆಕಾಲಿಕವಾಗಿಯೂ ಸೇರಬಹುದು. ಆಯಾ ವಿಭಾಗ ಯಾವ ವಿಷಯದ ಪದವಿ ಕೇಳುತ್ತೆ ಅನ್ನೋದನ್ನ ಮಾತ್ರ ಮೊದಲೇ ವಿಚಾರಿಸ್ಕೊಳ್ಳಿ.

ಇದಿಷ್ಟು ಕಾಗದದ ಮಾತು. ನಿಜವಾದ ಅರ್ಹತೆ ಭಾಷೆ. ಅಮೆರಿಕ, ಯುರೋಪಿನ ವಿಭಾಗಗಳು ಸಾಮಾನ್ಯವಾಗಿ ಸಂಸ್ಕೃತ ಅಥವಾ ಪಾಲಿ, ಅದರ ಜೊತೆ ಟಿಬೆಟನ್ ಅಥವಾ ಪ್ರಾಚೀನ ಚೀನಿ ನಿರೀಕ್ಷಿಸುತ್ತವೆ. ಸಂಶೋಧನಾ ಬರಹ ಓದೋಕೆ ಫ್ರೆಂಚ್, ಜರ್ಮನ್, ಜಪಾನಿ ಇವುಗಳಲ್ಲಿ ಒಂದೆರಡು ಬೇರೆ. ಲಮೋತ್ ಅವರು ಭಾರತೀಯ ಬೌದ್ಧಧರ್ಮದ ಇತಿಹಾಸವನ್ನು ಫ್ರೆಂಚಿನಲ್ಲಿ ಪ್ರಕಟಿಸಿದ್ದು 1958ರಲ್ಲಿ, ಇಂಗ್ಲಿಷ್ ಅನುವಾದ ಬಂದದ್ದು 1988ರಲ್ಲಿ. ಮೂವತ್ತು ವರ್ಷ ಯಾರು ಕಾಯ್ತಾರೆ?

"ಕಲ್ಲಿನ ಮೇಲಿರೋದು ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಟಿಬೆಟನ್ ಯಾಕ್ರೀ?" ಅಂತ ಕೇಳಬಹುದು. ಸಾಂಚಿಯ ದಾನಶಾಸನಗಳನ್ನೇ ನೋಡಿ. ದಾನಿಗಳಲ್ಲಿ ಭಿಕ್ಷು, ಭಿಕ್ಷುಣಿಯರು ಎಷ್ಟೋ ಜನ. ಎಲ್ಲ ತ್ಯಜಿಸಿ ಬಂದವರ ಕೈಗೆ ದುಡ್ಡು ಎಲ್ಲಿಂದ ಬಂತು? ಗ್ರೆಗರಿ ಶೋಪನ್ ಈ ಪ್ರಶ್ನೆ ಹಿಡಿದೇ ಬೌದ್ಧ ಸಂಘದ ಚಿತ್ರವನ್ನು ಬದಲಿಸಿದರು. ಅವರು ಒಂದು ಕೈಯಲ್ಲಿ ಶಾಸನ ಹಿಡಿದರೆ, ಇನ್ನೊಂದರಲ್ಲಿ ಮೂಲಸರ್ವಾಸ್ತಿವಾದ ವಿನಯ ಹಿಡಿದರು. ಭಿಕ್ಷುಗಳಿಗೆ ಸ್ವಂತ ಆಸ್ತಿ ಇರುತ್ತೆ ಅಂತಲೇ ಆ ವಿನಯ ನಿಯಮ ಮಾಡುತ್ತೆ. ಅದರ ಸಂಸ್ಕೃತ ಮೂಲ ನಮಗೆ ಸಿಕ್ಕಿರೋದು ಅರೆಬರೆ, 1931ರಲ್ಲಿ ಗಿಲ್ಗಿಟ್‌ನಲ್ಲಿ ದೊರೆತ ಹಸ್ತಪ್ರತಿಗಳಿಂದ. ಉಳಿದದ್ದಕ್ಕೆ ಟಿಬೆಟನ್ ಅನುವಾದವೇ ಗತಿ. ಅಕ್ಷರ ಓದಿದ ಮಾತ್ರಕ್ಕೆ ಶಾಸನ ಓದಿದ ಹಾಗಾಗಲ್ಲ ಅಂತ ನಾನು ಹೇಳೋದು ಇದಕ್ಕೇ.

ನಮ್ಮ ಕನಗನಹಳ್ಳಿಯ ಶಾಸನಗಳನ್ನು ಓದಿ 2014ರಲ್ಲಿ ಪುಸ್ತಕ ಮಾಡಿದವರು ಜರ್ಮನಿಯ ಫಾನ್ ಹಿನ್ಯೂಬರ್ ಮತ್ತು ಜಪಾನಿನ ನಕನಿಶಿ. ಪ್ರಕಟವಾದದ್ದು ಟೋಕಿಯೋದಲ್ಲಿ. ಹೊಟ್ಟೆಕಿಚ್ಚು ಪಡೋದಕ್ಕಿಂತ ಪಾಲಿ ವ್ಯಾಕರಣ ತೆಗೆದು ಕೂರೋದು ಒಳ್ಳೇದು. ನನ್ನ ಲೆಕ್ಕದಲ್ಲಿ ಪಾಲಿ ಮೊದಲು, ಆಮೇಲೆ ಪ್ರಾಕೃತ, ಸಂಸ್ಕೃತ. ಟಿಬೆಟನ್ನಿಗೆ ಬೈಲಕುಪ್ಪೆ ದೂರವೇನಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಮುಂದಿದ್ದೇವೆ. ಡಂಬಳದ 1095ರ ಶಾಸನ ಬುದ್ಧವಿಹಾರಕ್ಕೂ ತಾರಾದೇವಿಗೂ ಕೊಟ್ಟ ದತ್ತಿಯನ್ನು ಹೇಳುತ್ತೆ. ದಖ್ಖನ್ನಿನ ಕೊನೆಗಾಲದ ಬೌದ್ಧರ ಬಗ್ಗೆ ಪ್ರಬಂಧ ಬರೆಯುವವರು ಅದನ್ನು ಬಿಡುವ ಹಾಗಿಲ್ಲ, ಅದಕ್ಕೆ ಬೇಕಿರೋದು ಹಳಗನ್ನಡ.