ಮೂರು ಬೈಟಿನ ಅಕ್ಷರ, ಹನ್ನೊಂದು ಸಾವಿರದ ಬಾಡಿಗೆ

‘ಬೆಂಗಳೂರು’ ಎಂದು ಫೋನಿನಲ್ಲಿ ಬರೆದರೆ ನಮ್ಮ ಕಣ್ಣಿಗೆ ಬೀಳುವುದು 4 ಅಕ್ಷರ. ಫೋನು ಎಣಿಸುವ ರೀತಿಯೇ ಬೇರೆ: ಬ, ಎತ್ವ, ಸೊನ್ನೆ, ಗ, ಳ, ಕೊಂಬಿನ ಇಳಿ, ರ, ಕೊಂಬು, ಹೀಗೆ ಒಟ್ಟು 8 ಬಿಡಿಭಾಗ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಬಿಡಿಭಾಗಕ್ಕೂ 3 ಬೈಟ್ ಜಾಗ ಬೇಕು. ಅಂದರೆ ಊರಿನ ಹೆಸರೊಂದಕ್ಕೇ 24 ಬೈಟ್. ಇಂಗ್ಲಿಷ್ ಅಕ್ಷರಗಳಲ್ಲಾದರೆ ಅದೇ ಹೆಸರು 9 ಬೈಟಿನಲ್ಲಿ ಮುಗಿಯುತ್ತದೆ.

ಹಾಗಾದರೆ ಕನ್ನಡದಲ್ಲಿ ಟಿಪ್ಪಣಿ ಬರೆದಿಡುವವರಿಗೆ ಜಾಗ ಜಾಸ್ತಿ ಬೇಕು, ದುಡ್ಡೂ ಜಾಸ್ತಿ ಬೇಕು ಎಂದುಕೊಳ್ಳಬೇಡಿ. ಅಚ್ಚಾದ ಒಂದು ಪುಟಕ್ಕೆ 2,000 ಬಿಡಿಭಾಗ ಹಿಡಿಯೋಣ. ಅದು ಸುಮಾರು 6 ಕೆಬಿ. 500 ಪುಟದ ದಪ್ಪ ಕಾದಂಬರಿ 3 ಎಂಬಿ. ಐಫೋನ್ ಕೊಂಡವರಿಗೆ ಆ್ಯಪಲ್ ಪುಕ್ಕಟೆ ಕೊಡುವ 5 ಜಿಬಿಯಲ್ಲಿ ಅಂಥ ಕಾದಂಬರಿಗಳು 1,600ಕ್ಕೂ ಮಿಕ್ಕಿ ಹಿಡಿಸುತ್ತವೆ. ಗೂಗಲ್ ಕೊಡುವ 15 ಜಿಬಿಯಲ್ಲಿ ಅದರ ಮೂರು ಪಟ್ಟು. ದಿನಕ್ಕೆ ಅರ್ಧ ಪುಟದಂತೆ ಹತ್ತು ವರ್ಷ ಒಂದು ದಿನವೂ ಬಿಡದೆ ಬರೆದವರ ಗಂಟು 11 ಎಂಬಿ ಮಾತ್ರ. ಅದೇ ರೇಷನ್ ಕಾರ್ಡಿನದೊಂದು ಫೋಟೋ ತೆಗೆದು ಟಿಪ್ಪಣಿಗೆ ಅಂಟಿಸಿ ನೋಡಿ: ಅದೊಂದೇ 2ರಿಂದ 4 ಎಂಬಿ ನುಂಗುತ್ತದೆ. ಒಂದು ಫೋಟೋ, ಒಂದು ಕಾದಂಬರಿ!

ಆದ್ದರಿಂದ ‘ಇಷ್ಟು ಜಿಬಿ, ಅಷ್ಟು ಜಿಬಿ’ ಎಂಬ ಮಾತಿಗೆ ಬರಹದ ಮಟ್ಟಿಗೆ ಅರ್ಥವೇ ಇಲ್ಲ. ಐಕ್ಲೌಡ್‌ನ 50 ಜಿಬಿಗೆ ತಿಂಗಳಿಗೆ 75 ರೂಪಾಯಿ, ಗೂಗಲ್ ಒನ್‌ನ 100 ಜಿಬಿಗೆ 130 ರೂಪಾಯಿ ಕೊಡುವವರು ಕೊಡುತ್ತಿರುವುದು ಫೋಟೋ, ವಿಡಿಯೋ ಮತ್ತು ಫೋನಿನ ಬ್ಯಾಕಪ್ಪಿಗೆ. ಟಿಪ್ಪಣಿಯ ನಿಜವಾದ ಖರ್ಚು ಬೀಳುವುದು ಮನೆ ಬದಲಾಯಿಸುವಾಗ, ಅಂದರೆ ಒಂದು ಬಗೆಯ ಫೋನಿನಿಂದ ಇನ್ನೊಂದಕ್ಕೆ ಹೋಗುವಾಗ.

ಭಾರತದ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಆಂಡ್ರಾಯ್ಡ್. ಹಾಗಾಗಿ ನಮ್ಮಲ್ಲಿ ಮನೆ ಬದಲಾವಣೆ ಎಂದರೆ ಸಾಮಾನ್ಯವಾಗಿ ಆಂಡ್ರಾಯ್ಡ್‌ನಿಂದ ಐಫೋನಿಗೆ. ಇದಕ್ಕೆಂದೇ ಆ್ಯಪಲ್ 2015ರಲ್ಲಿ ‘ಮೂವ್ ಟು ಐಓಎಸ್’ ಎಂಬ ಆ್ಯಪ್ ಬಿಟ್ಟಿತು. ಫೋನ್ ನಂಬರು, ಮೆಸೇಜು, ಫೋಟೋ, ಕ್ಯಾಲೆಂಡರ್, ಮೇಲ್ ಖಾತೆ ಎಲ್ಲವನ್ನೂ ಅದು ಹೊತ್ತು ತರುತ್ತದೆ; 2022ರಿಂದ ವಾಟ್ಸ್‌ಆ್ಯಪ್ ಮಾತುಕತೆಯನ್ನೂ. ಗೂಗಲ್ ಕೀಪ್‌ನಲ್ಲೋ ಸ್ಯಾಮ್‌ಸಂಗ್ ನೋಟ್ಸ್‌ನಲ್ಲೋ ಬರೆದಿಟ್ಟದ್ದನ್ನು ಮಾತ್ರ ತರುವುದಿಲ್ಲ. ಅಂಗಡಿಯ ಹುಡುಗ ‘ಎಲ್ಲಾ ಬಂತು ಸಾರ್’ ಎಂದು ಹೊಸ ಫೋನು ಕೈಗಿಡುವಾಗ ಆ ‘ಎಲ್ಲಾ’ದೊಳಗೆ ಟಿಪ್ಪಣಿ ಸೇರಿರುವುದಿಲ್ಲ.

ಕೀಪ್ ಬಳಸುತ್ತಿದ್ದವರದು ಸುಲಭದ ಕೇಸು. 2013ರ ಮಾರ್ಚ್‌ನಲ್ಲಿ ಶುರುವಾದ ಈ ಆ್ಯಪ್ 2015ರಿಂದ ಐಫೋನಿನಲ್ಲೂ ಇದೆ. ಇಳಿಸಿಕೊಂಡು ಹಳೇ ಜಿಮೇಲಿನಿಂದ ಒಳಹೊಕ್ಕರೆ ಎಲ್ಲವೂ ಅಲ್ಲೇ ಇರುತ್ತದೆ, ಖರ್ಚು ಸೊನ್ನೆ. ಒಂದು ಟಿಪ್ಪಣಿಗೆ ಸುಮಾರು 20,000 ಬಿಡಿಭಾಗದ ಮಿತಿ ಇರುವುದು ನಿಜ. ಮೇಲಿನ ಲೆಕ್ಕದಲ್ಲಿ ಅದು 10 ಪುಟ. ಸಾಮಾನಿನ ಪಟ್ಟಿಗೆ ಧಾರಾಳ, ಬರಹಗಾರರಿಗೆ ಬಿಗಿ.

ಕೀಪ್ ಬಿಟ್ಟೇ ಹೋಗಬೇಕೆಂದರೆ ಗೂಗಲ್ ಟೇಕ್‌ಔಟ್ ಎಂಬ ಬಾಗಿಲಿದೆ. ಕೇಳಿದರೆ ಜಿಪ್ ಕಡತವೊಂದು ಬರುತ್ತದೆ. ಬಿಚ್ಚಿದರೆ ಪ್ರತಿ ಟಿಪ್ಪಣಿಗೂ ಎರಡೆರಡು ಕಡತ: ಓದಲು ಒಂದು ಎಚ್‌ಟಿಎಂಎಲ್, ಯಂತ್ರಕ್ಕೆ ಒಂದು ಜೇಸನ್. 400 ಟಿಪ್ಪಣಿ ಇದ್ದವರಿಗೆ 800 ಕಡತ! ಜೇಸನ್ ಕಡತವೊಂದನ್ನು ತೆರೆದರೆ ಬಣ್ಣ ಯಾವುದು, ಪಿನ್ ಮಾಡಿತ್ತೇ, ಕಸದ ಬುಟ್ಟಿಯಲ್ಲಿತ್ತೇ ಎಂಬುದೆಲ್ಲ ಸಾಲಾಗಿ ಕಾಣುತ್ತದೆ. ತಿದ್ದಿದ ಹೊತ್ತು ಮಾತ್ರ ದಿನಾಂಕವಾಗಿರದೆ 16 ಅಂಕಿಯ ಸಂಖ್ಯೆಯಾಗಿರುತ್ತದೆ. ಅದು 1970ರ ಜನವರಿ 1ರಿಂದ ಕಳೆದ ಮೈಕ್ರೋಸೆಕೆಂಡುಗಳ ಎಣಿಕೆ. 1700000000000000 ಎಂದಿದ್ದರೆ ಗ್ರೀನಿಚ್ ಲೆಕ್ಕದಲ್ಲಿ 2023ರ ನವೆಂಬರ್ 14, ರಾತ್ರಿ 10 ಗಂಟೆ 13 ನಿಮಿಷ. ನಮ್ಮ ಗಡಿಯಾರಕ್ಕೆ ನವೆಂಬರ್ 15ರ ನಸುಕಿನ 3 ಗಂಟೆ 43 ನಿಮಿಷ. ಐದೂವರೆ ಗಂಟೆ ಕೂಡಿಸಲು ಮರೆತ ಆ್ಯಪಿಗೆ ಇದನ್ನು ತುಂಬಿಸಿದರೆ ಟಿಪ್ಪಣಿ ಹಿಂದಿನ ದಿನಕ್ಕೆ ಜಾರುತ್ತದೆ. ದಿನಚರಿ ಬರೆಯುವವರಿಗೂ ಔಷಧಿಯ ಹೊತ್ತು ಗುರುತಿಡುವವರಿಗೂ ಇದು ಸಣ್ಣ ವಿಷಯವಲ್ಲ.

ಸ್ಯಾಮ್‌ಸಂಗ್ ನೋಟ್ಸ್‌ನದು ಇನ್ನೂ ಇಕ್ಕಟ್ಟು. ಅದು ತನ್ನದೇ ಎಸ್‌ಡಾಕ್ಸ್ ರೂಪದಲ್ಲಿ ಉಳಿಸುತ್ತದೆ. ಹೊರಗೆ ತರಬೇಕೆಂದರೆ ಪಿಡಿಎಫ್, ವರ್ಡ್, ಚಿತ್ರ ಇಲ್ಲವೇ ಬರಿ ಪಠ್ಯ ಮಾಡಿಕೊಳ್ಳಬೇಕು. ಪಿಡಿಎಫ್ ಆದರೆ ಓದಬಹುದು, ತಿದ್ದಲಾಗದು. ಪೆನ್ನಿನಿಂದ ಗೀಚಿದ್ದಿದ್ದರೆ ಬರಿ ಪಠ್ಯದಿಂದ ಕೆಲಸವಾಗದು.

ಇನ್ನು ಹೆಚ್ಚಿನವರ ಅಸಲಿ ಟಿಪ್ಪಣಿ ಪುಸ್ತಕ ವಾಟ್ಸ್‌ಆ್ಯಪ್. ಮೊದಲು ಇಬ್ಬರ ಗ್ರೂಪು ಮಾಡಿ ಇನ್ನೊಬ್ಬರನ್ನು ಹೊರಹಾಕಿ ತಾವೊಬ್ಬರೇ ಉಳಿದು ಬರೆದುಕೊಳ್ಳುತ್ತಿದ್ದರು. 2022ರ ನವೆಂಬರಿನಲ್ಲಿ ಕಂಪನಿಯೇ ತನಗೆ ತಾನೇ ಮೆಸೇಜು ಹಾಕಿಕೊಳ್ಳುವ ಸೌಲಭ್ಯ ಕೊಟ್ಟಿತು. ಇದನ್ನು ಕಂಡು ನಗಾಡುವಂತಿಲ್ಲ: ಎರಡೂ ಬಗೆಯ ಫೋನಿನಲ್ಲಿದೆ, ದುಡ್ಡಿಲ್ಲ, ಕಲಿಯುವುದೇನೂ ಇಲ್ಲ. ಆದರೆ ಹಳೆಯದನ್ನು ಐಫೋನಿಗೆ ಒಯ್ಯಲು ಆ ಐಫೋನು ಹೊಚ್ಚ ಹೊಸದಾಗಿರಬೇಕು, ಇಲ್ಲವೇ ಪೂರ್ತಿ ಅಳಿಸಿ ಮತ್ತೆ ಶುರುಮಾಡಬೇಕು. ಚಾಟನ್ನು ಕಡತವಾಗಿ ಹೊರತೆಗೆಯುವುದಕ್ಕೂ ಮಿತಿ ಇಟ್ಟಿದ್ದಾರೆ: ಫೋಟೋ ಸಮೇತ 10,000 ಮೆಸೇಜು, ಫೋಟೋ ಇಲ್ಲದೆ 40,000. ಅದರಾಚೆಯ ಹಳತು ಹಿಂದೆಯೇ ಉಳಿಯುತ್ತದೆ.

ಈಗ ಬಾಡಿಗೆಯ, ಅಂದರೆ ಚಂದಾದ ವಿಷಯ. ಯಾವ ಫೋನಿಗೆ ಹೋದರೂ ಜೊತೆಗೇ ಬರುತ್ತದೆ ಎಂಬ ಹೆಸರು ಮಾಡಿದ್ದು ಎವರ್‌ನೋಟ್ ಎಂಬ ಟಿಪ್ಪಣಿ ಆ್ಯಪ್. 2008ರಲ್ಲಿ ಹುಟ್ಟಿ 2014ರ ಹೊತ್ತಿಗೆ 10 ಕೋಟಿ ಬಳಕೆದಾರರನ್ನು ಮುಟ್ಟಿತ್ತು. 2016ರ ಜೂನ್‌ನಲ್ಲಿ ಮೊದಲ ಬಿಗಿ: ಪುಕ್ಕಟೆ ಖಾತೆಯನ್ನು ಎರಡೇ ಸಾಧನಗಳಿಗೆ ಕಟ್ಟಿಹಾಕಿತು, ಮೇಲ್ದರ್ಜೆಯ ಚಂದಾವನ್ನು ವರ್ಷಕ್ಕೆ 49.99 ಡಾಲರಿನಿಂದ 69.99ಕ್ಕೆ ಏರಿಸಿತು. 2022ರ ಕೊನೆಗೆ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿ ಇದನ್ನು ಕೊಳ್ಳುವುದಾಗಿ ಘೋಷಿಸಿತು. 2023ರಲ್ಲಿ ಅಮೆರಿಕದ ವೈಯಕ್ತಿಕ ಚಂದಾ 129.99 ಡಾಲರಾಯಿತು. ಅದೇ ಡಿಸೆಂಬರ್ 4ರಿಂದ ಪುಕ್ಕಟೆ ಖಾತೆಗೆ 50 ಟಿಪ್ಪಣಿ, ಒಂದು ಪುಸ್ತಕ, ಅಷ್ಟೇ.

ಡಾಲರಿಗೆ 85 ರೂಪಾಯಿ ಹಿಡಿದರೆ 2023ರ ಆ 129.99 ಎಂದರೆ ವರ್ಷಕ್ಕೆ 11,049 ರೂಪಾಯಿ. ಅದರ ಮೇಲೆ ಶೇ 18ರ ಜಿಎಸ್‌ಟಿ ಕೂಡಿದರೆ 13,038. ಐದು ವರ್ಷಕ್ಕೆ 65,000 ದಾಟುತ್ತದೆ. ಅಷ್ಟಕ್ಕೆ ಒಳ್ಳೆಯ ಫೋನೇ ಬಂದೀತು. ಮೊದಲು ಲೆಕ್ಕ ಹಾಕಿದ 11 ಎಂಬಿಯ ಗಂಟಿಗೆ ಇದು ತೀರಾ ದುಬಾರಿ ಎಂದು ಹೇಳಲು ಅರ್ಥಶಾಸ್ತ್ರಜ್ಞರು ಬೇಕಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಚಂದಾಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ನಿಯಮ ಬಿಗಿಮಾಡಿತು: 5,000 ರೂಪಾಯಿ ಮೀರಿದರೆ ಪ್ರತಿ ಸಲವೂ ಓಟಿಪಿ ಬೇಕು. 2022ರ ಜೂನ್‌ನಲ್ಲಿ ಆ ಗೆರೆಯನ್ನು 15,000ಕ್ಕೆ ಎತ್ತಿತು. 13,038 ಆ ಗೆರೆಯ ಒಳಗೇ ಇದೆ. ಅಂದರೆ ವರ್ಷಕ್ಕೊಮ್ಮೆ, ಓಟಿಪಿ ಕೇಳದೆ, ಹಣ ಹೋಗಿಬಿಡಬಹುದು. ಬ್ಯಾಂಕು 24 ಗಂಟೆ ಮೊದಲು ಕಳಿಸುವ ಎಸ್‌ಎಂಎಸ್ಸೋ ಮೇಲೋ ಒಂದೇ ಎಚ್ಚರಿಕೆ. ಅದು ಲೋನು, ರಿಯಾಯಿತಿಗಳ ಮೆಸೇಜಿನ ರಾಶಿಯಲ್ಲಿ ಕಣ್ಣಿಗೆ ಬೀಳಬೇಕಷ್ಟೆ.

ಎವರ್‌ನೋಟ್ ಬಿಡುವವರು ಫೋನನ್ನು ನಂಬಿ ಕೂರಬಾರದು. ಎನೆಕ್ಸ್ ಕಡತವಾಗಿ ಹೊರತೆಗೆಯುವ ವ್ಯವಸ್ಥೆ ಇರುವುದು ಕಂಪ್ಯೂಟರಿನ ಆ್ಯಪಿನಲ್ಲಿ. ಆ ರೂಪದಲ್ಲಿ ಫೋಟೋಗಳನ್ನೂ ಅಕ್ಷರವಾಗಿಸಿ ತುಂಬುತ್ತಾರೆ, 3 ಬೈಟ್ 4 ಆಗುತ್ತದೆ. 900 ಎಂಬಿ ಫೋಟೋ ಇದ್ದವರ ಕಡತ 1,200 ಎಂಬಿಗೆ ಉಬ್ಬುತ್ತದೆ. ಎನೆಕ್ಸ್ ಸಿಕ್ಕಿತೆಂದರೆ ಅರ್ಧ ಗೆದ್ದಂತೆ: ಆ್ಯಪಲ್ ನೋಟ್ಸ್, ಜಾಪ್ಲಿನ್, ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪ್‌ಗಳು ಮೂರೂ ಅದನ್ನು ಒಳಗೆ ಬಿಟ್ಟುಕೊಳ್ಳುತ್ತವೆ.

ಹೋಗಿ ಸೇರುವ ಮನೆಯ ದರ ಹೀಗಿದೆ. ಆ್ಯಪಲ್ ನೋಟ್ಸ್ ಪುಕ್ಕಟೆ; 2007ರ ಮೊದಲ ಐಫೋನಿನಿಂದಲೂ ಇದೆ. ಆದರೆ ಆಂಡ್ರಾಯ್ಡ್‌ಗೆ ಅದರ ಆ್ಯಪ್ ಇಲ್ಲ. ಮುಂದೊಂದು ದಿನ ವಾಪಸ್ ಬಂದರೆ ಬ್ರೌಸರಿನಲ್ಲಿ ಐಕ್ಲೌಡ್ ತೆರೆದು ಓದಬಹುದು, ಇಲ್ಲವೇ ಆ್ಯಪಲ್‌ಗೆ ದತ್ತಾಂಶದ ಪ್ರತಿ ಕೇಳಿ 7 ದಿನದವರೆಗೆ ಕಾಯಬಹುದು. ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ರೂಪದಲ್ಲಿ ಹೊರತೆಗೆಯುವ ಸೌಲಭ್ಯ ಬಂದದ್ದು 2025ರ ಐಓಎಸ್ 26ರಲ್ಲಿ. ಒಂದು ಬಾಗಿಲು ಇಡಲು 18 ವರ್ಷ! ಬೇರ್ ಎಂಬ ಚೆಂದದ ಆ್ಯಪಿನ ಪೂರ್ತಿ ಚಂದಾ ವರ್ಷಕ್ಕೆ 29.99 ಡಾಲರ್, ಸುಮಾರು 2,550 ರೂಪಾಯಿ. ಅದೂ ಆ್ಯಪಲ್‌ನ ಸಾಧನಗಳಿಗೆ ಮಾತ್ರ. ಒನ್‌ನೋಟ್ ಎಲ್ಲೆಡೆ ಇದೆ, 5 ಜಿಬಿ ಉಚಿತ. ಒಳಗೆ ಹಾಕುವುದು ಸಲೀಸು, ಹೊರತೆಗೆಯುವುದು ಕಿರಿಕಿರಿ.

ನಾನು ಒಲಿಯುವುದು ಬರಹವನ್ನು ಸಾದಾ ಪಠ್ಯವಾಗಿ ಬಿಟ್ಟುಕೊಡುವ ಆ್ಯಪ್‌ಗಳಿಗೆ. ಜಾಪ್ಲಿನ್ ಮುಕ್ತ ತಂತ್ರಾಂಶ, ಡ್ರಾಪ್‌ಬಾಕ್ಸ್‌ನ 2 ಜಿಬಿ ಉಚಿತ ಜಾಗದೊಂದಿಗೆ ಎರಡೂ ಬಗೆಯ ಫೋನಿನಲ್ಲಿ ನಡೆಯುತ್ತದೆ. ಐದು ವರ್ಷದ ಖರ್ಚು ಸೊನ್ನೆ, ನೋಡಲು ಮಾತ್ರ ಸರ್ಕಾರಿ ಕಚೇರಿಯ ಫಾರಮ್ಮಿನಂತಿದೆ. ಅಬ್ಸಿಡಿಯನ್ ಬಳಕೆಗೆ ಪುಕ್ಕಟೆ. ಸಾಧನಗಳ ನಡುವೆ ಹೊಂದಿಸಿಡುವ ಅದರದೇ ಸೇವೆ ಬೇಕಾದರೆ ವರ್ಷಕ್ಕೆ 48 ಡಾಲರ್, ಅಂದರೆ 4,080 ರೂಪಾಯಿ. ಒಂದೇ ಫೋನಿನಲ್ಲಿ ಬರೆಯುವವರಿಗೆ ಅದೂ ಬೇಡ.

ಯಾವ ದರಪಟ್ಟಿಯಲ್ಲೂ ಕಾಣದ ಖರ್ಚು ಸಮಯದ್ದು. ಆಮದು ಮಾಡಿಕೊಳ್ಳುವ ದಾರಿ ಇಲ್ಲದೆ 400 ಟಿಪ್ಪಣಿಗಳನ್ನು ಒಂದೊಂದಾಗಿ ನಕಲು ಮಾಡಲು ತಲಾ 2 ನಿಮಿಷ ಹಿಡಿದರೆ 13 ಗಂಟೆ 20 ನಿಮಿಷ. ಅದನ್ನು ತಪ್ಪಿಸಲು ಮೊದಲು ಹತ್ತೇ ಟಿಪ್ಪಣಿ ಸಾಗಿಸಿ ನೋಡುವುದು ಮೇಲು. ಆ ಹತ್ತರಲ್ಲಿ ಫೋಟೋ ಇದ್ದದ್ದೊಂದು, ಟಿಕ್ ಹಾಕುವ ಪಟ್ಟಿಯೊಂದು, ಹಳೆಯ ದಿನಾಂಕದ್ದೊಂದು, ಉದ್ದನೆಯ ಕನ್ನಡ ಬರಹವೊಂದು ಇರಲಿ. ಆಮೇಲೆ ಹುಡುಕುವ ಪೆಟ್ಟಿಗೆಯಲ್ಲಿ ‘ಸಾಫ್ಟ್‌ವೇರ್’ ಎಂದು ಬರೆದು ನೋಡಿ. ಒತ್ತಕ್ಷರ ಆಗದಂತೆ ‘ಟ್’ ಮತ್ತು ‘ವೇ’ ನಡುವೆ ನಾವು ಹಾಕುವ ಕಾಣದ ಗುರುತಿಗೂ 3 ಬೈಟ್ ಇದೆ. ಒಂದು ಕೀಲಿಮಣೆ ಅದನ್ನು ಹಾಕಿ, ಇನ್ನೊಂದು ಹಾಕದೇ ಹೋದರೆ ಎರಡೂ ಬೇರೆ ಪದಗಳೆಂದು ಕೆಲವು ಆ್ಯಪ್‌ಗಳು ತಿಳಿಯುತ್ತವೆ. ಐಫೋನಿಗೆ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ; ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಜಿಬೋರ್ಡ್ ಕೀಲಿಮಣೆಗೆ ಕೈ ಒಗ್ಗಿದವರು ಐಫೋನಿನಲ್ಲೂ ಅದನ್ನೇ ಹಾಕಿಕೊಂಡರೆ ಈ ತಾಪತ್ರಯ ಕಡಿಮೆ.

ಮೊಬೈಲ್ ನಂಬರನ್ನು ಕಂಪನಿಯಿಂದ ಕಂಪನಿಗೆ ಒಯ್ಯುವ ಹಕ್ಕು ನಮಗೆ ದೇಶಾದ್ಯಂತ ಸಿಕ್ಕಿದ್ದು 2011ರ ಜನವರಿ 20ರಂದು, 19 ರೂಪಾಯಿಗೆ. ಬರೆದಿಟ್ಟ ಮಾತನ್ನು ಒಯ್ಯಲು ಅಂಥ ಹಕ್ಕಿಲ್ಲ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣೆಯ ಕಾನೂನು ಜಿಡಿಪಿಆರ್‌ನ 20ನೇ ವಿಧಿ ತನ್ನ ದತ್ತಾಂಶವನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆಯುವ ಹಕ್ಕು ಕೊಡುತ್ತದೆ. ನಮ್ಮ 2019ರ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲೂ ಅದಿತ್ತು. 2023ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಇಲ್ಲ. ಕಂಪನಿಗಳು ಇಟ್ಟ ಬಾಗಿಲಿನಲ್ಲೇ ಸದ್ಯಕ್ಕೆ ನಾವು ನುಸುಳುತ್ತಿದ್ದೇವೆ.

ಐಫೋನಿಗೆ ಹೋದ ಮೇಲೆ ಹಳೆಯ ಗೂಗಲ್ ಖಾತೆಯನ್ನು ಮರೆತುಬಿಡುವವರಿಗೆ ಇನ್ನೊಂದು ಅಂಕಿ: 2 ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಶುರುಮಾಡಿದೆ. ಟೇಕ್‌ಔಟ್ ಜಿಪ್ ಕೈಗೆ ಬಂದು, ಬಿಚ್ಚಿ, ನಾಲ್ಕಾರು ಕಡತ ತೆರೆದು ನೋಡುವ ತನಕ ಆ ಖಾತೆಗೆ ಆಗಾಗ ಲಾಗಿನ್ ಆಗುತ್ತಿರಿ.